ರೌನಿ ಪಿಯಾನೋ ಮುಚ್ಚಿದ ಮಧ್ಯಾಹ್ನ

ತುರ್ಕು ಬಂದರಿನಿಂದ ಹಡಗು ಹೊರಟು ಮೂರು ಗಂಟೆಯಾಗಿತ್ತು. ನೆಲಕ್ಕೆ ಸರಪಳಿ ಬಿಗಿದ ಪಿಯಾನೋದ ಮುಂದೆ ಕೂತು ರೌನಿ ಟ್ಯಾಂಗೋ ಹಾಡುತ್ತಿದ್ದಳು. ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಅದೇ. ನವೆಂಬರಿನ ಸಮುದ್ರ ಹಡಗನ್ನು ತೊಟ್ಟಿಲಿನಂತೆ ತೂಗುತ್ತಿದ್ದರೂ ನಿವೃತ್ತರ ದಂಡು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿಯುತ್ತಲೇ ಇತ್ತು.

ಊಟದ ಸಾಲೆಯ ಮೇಲ್ವಿಚಾರಕ ಸ್ತೀಗ್ ಹಿಂದಿನಿಂದ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. ಮುಖದಲ್ಲಿ ನಗುವಿತ್ತು, ದನಿಯಲ್ಲಿ ಇರಲಿಲ್ಲ.

"ಕೆಳಗೆ ಗಾಡಿ ನಿಲ್ಲಿಸೋ ಕಡೆ ಒಂದು ಲಾರಿಗೆ ಬೆಂಕಿ ಹತ್ತಿದೆ. ನಮ್ಮೋರು ಆರಿಸ್ತಿದಾರೆ. ನೀನು ಮಾತ್ರ ಹಾಡು ನಿಲ್ಲಿಸ್ಬೇಡ. ಜನ ಗಾಬರಿಬಿದ್ರೆ ಮೆಟ್ಟಿಲಲ್ಲೇ ತುಳಿದಾಡ್ಕೊಂಡು ಸಾಯ್ತಾರೆ."

"ಎಷ್ಟು ಹೊತ್ತು?" ಎಂದಳು ರೌನಿ, ಮೈಕಿನಿಂದ ಮುಖ ತಿರುಗಿಸಿ, ಬೆರಳು ನಿಲ್ಲಿಸದೆ.

"ನಾನು ಬಂದು ಹೇಳೋವರೆಗೂ."

ಅವನು ಹೋದ. ರೌನಿಯ ಬಾಯಿಂದ ಪದಗಳು ಅಭ್ಯಾಸಬಲದಿಂದ ತಾವೇ ಹೊರಬರುತ್ತಿದ್ದವು. ಎದೆ ಮಾತ್ರ ಬೇರೆಯೇ ತಾಳ ಹಿಡಿದಿತ್ತು. ಆ ಹಾಡು ಮುಗಿಯಿತು, ಇನ್ನೊಂದು ಹಿಡಿದಳು. ಸ್ತೀಗ್ ಬರಲಿಲ್ಲ.

ಪೆಡಲ್ ಒತ್ತುವ ಬಲಗಾಲಿಗೆ ಬಿಸಿ ತಾಗಿದಂತಾಯಿತು. ನನ್ನ ಭ್ರಮೆ ಎಂದುಕೊಂಡಳು. ಮೆಲ್ಲಗೆ ಬೂಟು ಕಳಚಿ ಪಾದವನ್ನು ನೆಲಕ್ಕೆ ಊರಿದಳು. ಹಬೆಸ್ನಾನದ ಸೌನಾದ ಹಲಗೆಯಷ್ಟು ಬಿಸಿ! ಸಾಲೆಯ ಕೆಳಗೇ ಗಾಡಿಗಳು.

ರಬ್ಬರು ಸುಟ್ಟ ವಾಸನೆ ಈಗ ಎಲ್ಲರ ಮೂಗಿಗೂ ಬಡಿದಿತ್ತು.

"ಅಡುಗೆಯೋನು ಇವತ್ತು ತನ್ನ ಬೂಟ್ನೇ ಹುರೀತಿದಾನೆ!" ಎಂದು ಪ್ರತಿ ವರ್ಷ ಬರುವ ಮುದುಕ ಉರ್ಹೊ ಕೂಗಿದ. ಹೆಂಡತಿ ಐಲಿಯನ್ನು ತಿರುಗಿಸುತ್ತಲೇ ಇದ್ದ. ಸುತ್ತಲಿನವರು ನಕ್ಕರು. ಕಿಟಕಿಯ ಬಳಿಯಿದ್ದ ಹೆಂಗಸೊಬ್ಬಳು ಚೀಲ ಹಿಡಿದು ಎದ್ದವಳು ರೌನಿಯತ್ತ ನೋಡಿದಳು. ಮತ್ತೆ ಕೂತಳು.

"ಏನಾದ್ರೂ ಆಗಿದ್ರೆ ಅವಳು ಹಾಡ್ತಿದ್ಲಾ? ಕೂತ್ಕೋ ಸುಮ್ನೆ," ಎಂದಳು ಜೊತೆಗಾತಿಗೆ.

ಆ ಮಾತು ರೌನಿಗೆ ಸ್ಪಷ್ಟವಾಗಿ ಕೇಳಿಸಿತು. ಇವರನ್ನೆಲ್ಲ ಇಲ್ಲಿ ಕಟ್ಟಿಹಾಕಿರುವುದು ನನ್ನ ಗಂಟಲೇ! ನಿಲ್ಲಿಸಿದರೆ ನೂಕುನುಗ್ಗಲಾಗಿ ಯಾರಾದರೂ ಸತ್ತರೆ? ನಿಲ್ಲಿಸದಿದ್ದರೆ? ಬೆರಳುಗಳು ಒಂದು ಸ್ವರ ತಪ್ಪಿದವು, ಮತ್ತೊಂದು ತಪ್ಪಿದವು. ಚರಣದ ನಡುವೆಯೇ ಪಿಯಾನೋದ ಮುಚ್ಚಳ ಮುಚ್ಚಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು.

"ಕೆಳಗೆ ಬೆಂಕಿ ಇದೆ. ಎಲ್ರೂ ಹೊರಗೆ ಹೋಗೋಣ. ಓಡ್ಬೇಡಿ, ನಾನು ಕರೆದ ಮೇಜಿನೋರು ಮಾತ್ರ ಏಳಿ. ಮೊದಲು ಬಾಗಿಲ ಪಕ್ಕದೋರು."

"ನಿಜಾನೇನಮ್ಮಾ?" ಎಂದ ಉರ್ಹೊ.

"ನಿಜ ಅಜ್ಜ. ಐಲಿ ಅಜ್ಜಿ ಕೈ ಬಿಡ್ಬೇಡಿ, ನಡೀರಿ."

ಒಂದು ಕುರ್ಚಿ ಉರುಳಿತು. ಯಾರೋ ಬಿಕ್ಕಿದರು. ಆದರೆ ವರ್ಷಗಟ್ಟಲೆ ಕೇಳಿದ ದನಿ ಅದು. ಜನ ಅದನ್ನು ನಂಬಿದರು. ಒಂದೊಂದೇ ಮೇಜು ಖಾಲಿಯಾಯಿತು. ಕೊನೆಯ ಮೂರು ಮೇಜುಗಳಿದ್ದಾಗ ಪಿಯಾನೋದ ಹಿಂದಿನ ಗೋಡೆಯ ಬುಡದಿಂದ ಕಪ್ಪು ಹೊಗೆ ಎದ್ದಿತು. ಎಚ್ಚರಿಕೆಯ ಗಂಟೆ ಹೊಡೆದುಕೊಂಡದ್ದು ಆಮೇಲೆ.

ಹೊರಗಿನ ತೆರೆದ ಡೆಕ್ಕಿನಲ್ಲಿ, ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ತೊಟ್ಟು, ಒಂದೇ ಬೂಟಿನಲ್ಲಿ ರೌನಿ ಕಂಬಿ ಹಿಡಿದು ಒರಗಿದ್ದಳು. ಕೆಳಗೆ ನೀರು ಕರಗಿದ ಸೀಸದಂತೆ ಕುದಿಯುತ್ತಿತ್ತು. ಬೆಂಕಿ ಆರಲು ಎರಡು ತಾಸು ಹಿಡಿಯಿತು. ಮಸಿ ಮೆತ್ತಿದ ಮುಖದ ಸ್ತೀಗ್ ಮೆಟ್ಟಿಲೇರಿ ಬಂದ.

"ನಿಲ್ಲಿಸ್ಬೇಡ ಅಂದಿದ್ನಲ್ಲೇ."

"ನೆಲ ಸುಡ್ತಿತ್ತು ಸ್ತೀಗ್."

ಅವನು ಅವಳ ಬರಿಗಾಲನ್ನು ನೋಡಿದ. "ನನ್ಗೆ ಅದು ಗೊತ್ತಿರ್ಲಿಲ್ಲ," ಎಂದ.

ಹಗ್ಗ ಕಟ್ಟಿ ಎಳೆಯುವ ದೋಣಿಗಳು ಹಡಗನ್ನು ನಡುದಾರಿಯ ದ್ವೀಪವೊಂದರ ಮಾರಿಯೆಹಾಮ್ ಬಂದರಿಗೆ ತಂದವು. ಯಾರೂ ಸತ್ತಿರಲಿಲ್ಲ. ದಡದಲ್ಲಿ ಎಲ್ಲರಿಗೂ ಬಟಾಣಿ ಸಾರು ಕೊಟ್ಟರು; ರೌನಿಗೆ ಚಮಚ ಬಾಯಿಗೆ ತರಲಾಗಲಿಲ್ಲ.

ದ್ವೀಪದಿಂದ ಮನೆಗೆ ಮರಳಲು ಹಡಗು ಬಿಟ್ಟರೆ ವಿಮಾನವೊಂದೇ ದಾರಿ. ವಿಮಾನದ ಹೆಸರೆತ್ತಿದರೇ ಅವಳಿಗೆ ಹಡಗಿಗಿಂತ ಹೆಚ್ಚು ದಿಗಿಲು. ಮರುದಿನ ಬೇರೊಂದು ಹಡಗಿನಲ್ಲಿ, ಐದು ತಾಸಿನ ಪಯಣವಿಡೀ ಅವಳು ಗಾಳಿಗೊಡ್ಡಿಕೊಂಡು ಹೊರಗಿನ ಬೆಂಚಿನಲ್ಲೇ ಕೂತಳು.

"ಒಳಗೆ ಬಾ, ಬಿಸಿ ಕಾಫಿ ಕುಡಿ," ಎಂದ ಸ್ತೀಗ್.

"ಆಗಲ್ಲ ಕಣೋ. ನೀನು ಹೋಗು."

ಅವನು ಹೋಗಲಿಲ್ಲ. ಕೋಟಿನ ಕಾಲರು ಎತ್ತಿಕೊಂಡು ಅವಳ ಪಕ್ಕದಲ್ಲೇ ಕೂತ.