ಮೂರನೆಯ ಕಂಬಿಯ ನಟ್ಟು

ಪಿಯಾನೊದ ಎರಕದ ಕಬ್ಬಿಣದ ಚೌಕಟ್ಟಿನಿಂದ ಹೊಂಬಣ್ಣ ಹೆರೆದಾಗ, ತಂತಿಗಳ ಎಳೆತವನ್ನು ತಡೆಯುವ ಮೂರನೆಯ ಕಂಬಿಯ ಮೇಲೆ ಬಿರುಕು ಕೂದಲೆಳೆಯಂತೆ ಕಂಡಿತು. ತಂತಿಗಳನ್ನು ಶ್ರುತಿಗಾರ್ತಿ ಐರಿಸ್ ಟ್ರೆಲೋರ್ ಎರಡು ದಿನ ತೆಗೆದುಕೊಂಡು, ಎಡಬಲ ಸಮವಾಗಿ ಸಡಿಲಿಸಿದ್ದಳು. ಇನ್ನು ಬಿರುಕಿನ ತುದಿಗಳಲ್ಲಿ ರಂಧ್ರ ಕೊರೆದು ಅದು ಮುಂದೆ ಹರಿಯದಂತೆ ತಡೆದು, ಎರಡೂ ಬದಿಗಳನ್ನು ಹಿಡಿದಿಡುವ ಉಕ್ಕಿನ ಬೀಗಪಟ್ಟಿಗಳನ್ನು ಅಡ್ಡಲಾಗಿ ಕೂರಿಸಬೇಕಿತ್ತು.

ಅಡುಗೆಮನೆಯಲ್ಲಿ ಪಿಯಾನೊದ ಒಡತಿ ಥೆಲ್ಮಾ, ಅಲ್ಲಿಲ್ಲದ ತಮ್ಮ ಕ್ಲಾರಿಯನ್ನು ಬೈಯುತ್ತಿದ್ದಳು. ಎರಡು ತಿಂಗಳ ಹಿಂದೆ ಕ್ಲಾರಿ ಈ ಪಿಯಾನೊವನ್ನು ವಾಲರೂ ಊರಿನಿಂದ ಇಲ್ಲಿಗೆ, ಕಡೀನಾಕ್ಕೆ, ತನ್ನ ಲಾರಿಯಲ್ಲಿ ತಂದಿದ್ದ. ಮರುವಾರ ಐರಿಸ್ ಬಂದು ಶ್ರುತಿ ಮಾಡಿಹೋದಳು. ಹತ್ತೇ ದಿನಗಳಲ್ಲಿ ಸ್ವರಗಳು ಕುಸಿದವು. ಲಾರಿಯ ಕುಲುಕಾಟಕ್ಕೆ ಕಬ್ಬಿಣ ಒಡೆದಿದೆ ಎಂದು ತೀರ್ಪು ಕೊಟ್ಟವಳೂ ಐರಿಸಳೇ. ಅಂದಿನಿಂದ ಅಕ್ಕ ತಮ್ಮನೊಡನೆ ಮಾತು ಬಿಟ್ಟಿದ್ದಳು.

"ಕುರಿ ಸಾಗಿಸೋನ ಕೈಗೆ ಅಮ್ಮನ ಪಿಯಾನೊ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು," ಎಂದಳು ಥೆಲ್ಮಾ, ಚಹಾ ತಂದಿಡುತ್ತ. "ಅವನಿಗೆ ಕುರಿಯೂ ಒಂದೇ, ಪಿಯಾನೊನೂ ಒಂದೇ."

ಐರಿಸ್ ನಗಲಿಲ್ಲ. ಬಿರುಕು ಕಂಬಿಯ ನಡುವಿನ ಬೋಲ್ಟಿನ ತೂತಿನಿಂದಲೇ ಹೊರಟಿತ್ತು. ಅವಳು ನಟ್ಟನ್ನು ಅರ್ಧ ಸುತ್ತು ತಿರುಗಿಸಿದಳು. ಟಕ್ ಎಂದು ಕಂಬಿ ಮೇಲಕ್ಕೆ ಚಿಮ್ಮಿತು.

ಅವಳ ಕೈ ಅಲ್ಲೇ ನಿಂತಿತು. ಕಂಬಿಯ ಕೆಳಗೆ ಬೋಲ್ಟಿನ ಭುಜ, ಅದರ ದಪ್ಪನೆಯ ಭಾಗ, ಆಸರೆಯಾಗಿರಬೇಕಿತ್ತು. ಅವಳು ಸಂದಿಗೆ ಹಿಡಿದ ಅಳತೆಯ ತೆಳುಪಟ್ಟಿ ತಡೆಯಿಲ್ಲದೆ ಒಳಗೆ ನುಸುಳಿತು: ಎರಡು ಮಿಲಿಮೀಟರ್ ಖಾಲಿ. ಆಸರೆಯಿಲ್ಲದ ಕಬ್ಬಿಣವನ್ನು ಯಾರೋ ನಟ್ಟು ಬಿಗಿದು ಕೆಳಕ್ಕೆ ಬಾಗಿಸಿದ್ದರು. ನಟ್ಟಿನ ಅಂಚಿನಲ್ಲಿ ಸ್ಪ್ಯಾನರಿನ ಗೀರು ಇನ್ನೂ ಹೊಳೆಯುತ್ತಿತ್ತು.

ಅವಳು ಕೀಲಿಮಣೆಯಿಂದ ಮೊದಲ ಮರದ ಕೀಲಿಯನ್ನು ಹೊರಗೆಳೆದಳು. ಶ್ರುತಿ ಮಾಡಿದವರು ಅದರ ಬದಿಯಲ್ಲಿ ಬರೆದಿಡುವುದು ವಾಡಿಕೆ. ಕೊನೆಯ ಸಾಲು ಅವಳದೇ ದುಂಡಕ್ಷರ: "ಮೂರನೆಯ ನಟ್ಟು ಸಡಿಲವಿತ್ತು, ಬಿಗಿದಿದ್ದೇನೆ. ಐ.ಟಿ."

ಐರಿಸ್ ನೆಲದ ಮೇಲೆ ಕುಳಿತಳು. ಮೂವತ್ತೊಂದು ವರ್ಷಗಳಲ್ಲಿ ಸಡಿಲ ಕಂಡ ಒಂದು ನಟ್ಟನ್ನೂ ಅವಳು ಹಾಗೇ ಬಿಟ್ಟವಳಲ್ಲ. ಕೆಳಗೆ ಆಸರೆ ಇದೆಯೇ ಎಂದು ಅಂದು ಅಳೆದಿರಲಿಲ್ಲ, ಅಷ್ಟೇ.

"ಯಾಕೇ, ಏನಾಯ್ತು?" ಎಂದಳು ಥೆಲ್ಮಾ.

ಐರಿಸ್ ಕೀಲಿಯನ್ನು ಅವಳ ಕೈಗಿತ್ತು, ನಡೆದದ್ದನ್ನು ಒಂದೊಂದಾಗಿ ವಿವರಿಸಿದಳು. ಥೆಲ್ಮಾ ಆ ಸಾಲನ್ನು ಎರಡು ಸಲ ಓದಿದಳು. ಮೊಬೈಲಿನಲ್ಲಿ ತಮ್ಮನ ಹೆಸರು ಹುಡುಕಿ, ಒತ್ತಿ, ಐರಿಸಳತ್ತ ಚಾಚಿದಳು.

"ನನಗೆ ಬಾಯಿ ಬರಲ್ಲ. ನೀನೇ ಹೇಳು."

ಮೊದಲ ಗಂಟೆಗೇ ಅವನು ಎತ್ತಿಕೊಂಡ. "ಅಕ್ಕಾ?"

"ಅಕ್ಕ ಅಲ್ಲ ಕ್ಲಾರಿ, ನಾನು ಐರಿಸ್," ಎಂದಳು. "ಅದನ್ನ ಒಡೆದಿದ್ದು ನೀನಲ್ಲಪ್ಪ."