ಫೋನಿನ ಬುಟ್ಟಿ

ಕುಲ್ಸುಮಬಿ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ತುಂಬ ಫೋನುಗಳು, ಎಲ್ಲವೂ ದನಿ ಮುಚ್ಚಿಸಿಕೊಂಡು ಮಲಗಿದ್ದವು.

"ಕೈ ತಗಿ ಬೇ," ಎಂದ ಗುಮಾಸ್ತ ಉಡಚಪ್ಪ. "ಸಂಜಿ ಆಗಲಿ."

"ನಂದು ಬೆಳಕು ಹತ್ತೇತಿ, ನೋಡ್ರಿ."

ಬೆಳಕು ಆರಿತು. ಹುಬ್ಬಳ್ಳಿ ಆಸ್ಪತ್ರೆಯ ನಂಬರು ಬೆಳಗಿನಿಂದ ಬಂದು ಬಂದು ಹೋಗಿತ್ತು. ಅವಳು ಅಲ್ಲೇ ನಿಂತು ತಿರುಗಿ ಹಚ್ಚಿದಳು.

"ಆಪರೇಶನ್ ತಾರೀಖು ಹೇಳಾಕ ಮಾಡಿದ್ವಿ," ಎಂದಿತು ಆ ಕಡೆಯ ಹೆಣ್ಣುದನಿ. "ನೀವು ಎತ್ತಲಿಲ್ಲ. ಮುಂದಿನವ್ರಿಗೆ ಕೊಟ್ವಿ. ಜಾಗ ಖಾಲಿ ಆದ್ರ ಮತ್ತ ಮಾಡ್ತೇವಿ, ಎತ್ತರಿ."

"ನಾ ಕಾಯ್ತೇನ್ರಿ. ಎದಿಯಾಗಿನ ಗಂಟು ಕಾಯಬೇಕಲ್ಲ?"

ಫೋನು ಕಟ್ಟಾಗಿತ್ತು.

ಬ್ಯಾಡಗಿಯ ಪ್ರಭುಲಿಂಗಪ್ಪನ ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಬರುವ ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಫೋನೂ ಬಿಡಬೇಕು. ಬಾಯಿ ಆಡಿದರೆ ಕೈ ನಿಲ್ಲುತ್ತದೆ ಎಂಬುದು ಸಾವಕಾರನ ಲೆಕ್ಕ.

ಹೋದ ಸುಗ್ಗಿಯಲ್ಲಿ ಎದೆ ಚುರುಚುರು ಎಂದಾಗ ಎಲ್ಲರೂ ಘಾಟು ಎಂದರು. ಈ ಗೋದಾಮಿನಲ್ಲಿ ಕಣ್ಣುರಿದರೆ ಘಾಟು, ಕೆಮ್ಮು ಬಂದರೆ ಘಾಟು, ಕೂಸು ಹಾಲು ಕುಡಿಯದೆ ಅತ್ತರೂ ಘಾಟು. ಕೈಯಲ್ಲಿ ಖಾರ ಇಟ್ಟುಕೊಂಡು ಕುಪ್ಪಸ ಮುಟ್ಟಿರಬೇಕು ಎಂದು ಕುಲ್ಸುಮಬಿ ತನ್ನನ್ನೇ ಬೈದುಕೊಂಡಳು. ಕೊಬ್ಬರಿ ಎಣ್ಣೆ ಹಚ್ಚಿದಳು, ಮಜ್ಜಿಗೆ ಹಚ್ಚಿದಳು. ಗಂಟು ಮಜ್ಜಿಗೆಗೆ ಕರಗಲಿಲ್ಲ. ಹಾವೇರಿಯ ಡಾಕ್ಟರಮ್ಮ ಕ್ಯಾನ್ಸರ್ ಎಂದಾಗಲೂ, "ಘಾಟು ಅಲ್ಲೇನ್ರಿ?" ಎಂದು ಕೇಳಿದ್ದಳು.

ಬಾಗಿಲಲ್ಲಿ ಮಾತು ಕೇಳಿ ಪ್ರಭುಲಿಂಗಪ್ಪ ಆಫೀಸಿನಿಂದ ಹೊರಬಂದ. ಸಂಗತಿ ಕೇಳಿ ಲೊಚಗುಟ್ಟಿದ. ಕೆಟ್ಟ ಮನುಷ್ಯನಲ್ಲ. ರಮಜಾನಿಗೆ ಖರ್ಜೂರ ಹಂಚುತ್ತಾನೆ.

"ಮೊದಲ ಹೇಳಬಾರದಿತ್ತೇನ್ ಕುಲ್ಸುಮಬಿ?"

"ಹೇಳಿದ್ದೆನ್ರಿ. ಉಡಚಪ್ಪನವ್ರು ಎಲ್ಲಾರಿಗೂ ಒಂದ ಕಾನೂನು ಅಂದ್ರು."

ಉಡಚಪ್ಪ ತಕ್ಕಡಿ ಒರೆಸತೊಡಗಿದ.

"ಆತು, ಇನ್ನ ಮ್ಯಾಲೆ ನಿನ್ನ ಫೋನ್ ನಿನ್ನ ಹಂತೇಕ ಇರಲಿ. ಆಫೀಸ್ ಬಾಜೂಕ ಕುರ್ಚಿ ಹಾಕಸ್ತೇನಿ, ಅಲ್ಲೇ ಕುಂತು ಬಿಡಸು. ಉಳದವ್ರ ಮುಂದ ಮಾತ್ರ ತೋರಸಬ್ಯಾಡ. ಒಬ್ಬಾಕಿಗೆ ಕೊಟ್ರ ಎಲ್ಲಾರೂ ಕೇಳ್ತಾರ."

ಉಳಿದವರು ಕೈ ನಿಲ್ಲಿಸಿ ಅದನ್ನೇ ಕೇಳುತ್ತಿದ್ದರು. ಕಾಯಿ ಮುರಿಯುವ ಸದ್ದು ನಿಂತು ಗೋದಾಮು ದೊಡ್ಡದಾದಂತೆ ಕಂಡಿತು. ಬೇನಜೀರಳ ಮಗಳಿಗೆ ದಮ್ಮು. ಎರಡು ಓಣಿ ಆಚೆ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ಪ್ರೇಮವ್ವನ ಮಗಳು ಹೋದ ವರ್ಷ ಗುತ್ತಲದಲ್ಲಿ ಹಡೆದಳು. ಕೂಸು ಹುಟ್ಟಿದ ಸುದ್ದಿ ಪ್ರೇಮವ್ವನಿಗೆ ಸಂಜೆ ಗೊತ್ತಾಯಿತು. ಕೂಸು ಹೋದ ಸುದ್ದಿಯೂ ಅದೇ ಸಂಜೆ ಗೊತ್ತಾಯಿತು.

"ಹೂಂ ಅನ್ನ ಬೇ," ಎಂದಳು ಪ್ರೇಮವ್ವ. "ನಮ್ಮ ಮಾರಿ ನೋಡಬ್ಯಾಡ. ನಿಂಗ ಜೀವದ ಮಾತೈತಿ."

"ಹೌದು ಖಾಲಾ, ಕುರ್ಚಿ ಬ್ಯಾರೆ ಕೊಡ್ತಾರ," ಎಂದಳು ಬೇನಜೀರ. "ರಾಣಿ ಆದಿ."

ಯಾರೋ ನಕ್ಕರು. ಕುಲ್ಸುಮಬಿಯೂ ನಕ್ಕಳು. ನಕ್ಕಾಗ ಎಡಗಡೆ ಸೆಳೆಯಿತು.

ಫೋನಿನ ದನಿ ತೆರೆದು ಅದನ್ನು ಬುಟ್ಟಿಯೊಳಗೆ ಇಟ್ಟಳು. ಬುಟ್ಟಿಯನ್ನು ಎತ್ತಿ ತಂದು ಮೆಣಸಿನಕಾಯಿ ರಾಶಿಯ ನಡುವೆ ಇಳಿಸಿ, ಪಕ್ಕದಲ್ಲಿ ಕುಂತಳು. ಬೇನಜೀರ ಬಾಗಿ ತನ್ನ ಫೋನಿನ ದನಿ ತೆರೆದಳು. ಆಮೇಲೆ ಪ್ರೇಮವ್ವ. ಆಮೇಲೆ ಯಾರು ಯಾರೆಂದು ಉಡಚಪ್ಪನಿಗೆ ತಿಳಿಯಲಿಲ್ಲ.

"ಬುಟ್ಟಿ ಬಾಗಲದಾಗ ಇರಬೇಕು," ಎಂದ ಪ್ರಭುಲಿಂಗಪ್ಪ.

"ಇಲ್ಲೇ ಇರ್ತೈತ್ರಿ. ಯಾರದ ಬಾರಸ್ತೈತಿ, ಅವ್ರು ಎತ್ತತಾರ."

"ಹಂಗ ಮಾಡಿದ್ರ ನಾಳೆ ಒಬ್ಬರನ್ನೂ ಒಳಗ ಬಿಡಂಗಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಎದ್ದು ಬುಟ್ಟಿ ಮುಟ್ಟಲಿಲ್ಲ. ನಾಡಿದ್ದು ಸಂತೆ. ತುಂಬು ಬಿಡಿಸದ ಚೀಲಗಳು ಮಾಡಿನವರೆಗೆ ಬಿದ್ದಿದ್ದವು. ಅದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ತಾನೇ ಹೋಗಿ ಕುರ್ಚಿ ತಂದ. ಹೊಸದು, ಪ್ಲಾಸ್ಟಿಕ್ ಹಾಳೆಯೂ ಬಿಚ್ಚಿರಲಿಲ್ಲ. ಅವಳ ಮುಂದೆ ಇಟ್ಟ.

"ಹಟ ಮಾಡಬ್ಯಾಡ. ನಿಂಗಷ್ಟ ಕೊಡ್ತೇನಿ ಅಂದೇನಿ. ಫೋನ್ ತಗೋ, ಏಳು, ಮ್ಯಾಲೆ ಕುಂದ್ರು."

ಕುಲ್ಸುಮಬಿ ಒಂದು ಕಾಯಿಯ ತುಂಬು ಮುರಿದು ಪಕ್ಕಕ್ಕೆ ಹಾಕಿದಳು.

"ಒಲ್ಲೆರಿ."