ಮಹಜೂಬಾಳ ಕಿವಿನೋವು

ತುರಿಸುತ್ತಿದೆ, ಮೊದಲು ಎಡಗಿವಿ, ಈಗ ಅದನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಹಾಗೆ ಬಲಗಿವಿಯೂ, ಮುಟ್ಟುವ ಹಾಗಿಲ್ಲ, ಕೈತುಂಬ ಮೀನಿನ ಕರುಳು, ಮುಟ್ಟಿದರೆ ಲಲ್ಲಾ ರಖಿಯಾಳ ಕಣ್ಣು ಇತ್ತಲೇ ತಿರುಗುತ್ತದೆ — ಅಗೋ ನಿಂತಿದ್ದಾಳೆ ಸಾಲಿನ ಆ ತುದಿಯಲ್ಲಿ ನಮ್ಮ ಮೇಲ್ವಿಚಾರಕಿ, ಅಮ್ಮಾವ್ರು ಅನ್ನುವ ಹಾಗೆ ಲಲ್ಲಾ ಎಂದೇ ಕರೆಯಬೇಕು, ಕೈ ಹಿಂದೆ ಕಟ್ಟಿಕೊಂಡು, ಬಿಳಿ ಬೂಟು, ಬಿಳಿ ಟೊಪ್ಪಿ, ಇಪ್ಪತ್ತು ವರ್ಷದಿಂದ ನಕ್ಕಿದ್ದನ್ನು ಯಾರೂ ಕಂಡಿಲ್ಲ — ನೀನು ಕೆಲಸ ನೋಡು ಮಹಜೂಬಾ, ತಲೆ ಕತ್ತರಿಸು, ಕರುಳು ಎಳೆ, ಡಬ್ಬದಲ್ಲಿಡು, ಒಂದರ ಬಾಲ ಇತ್ತ ಇನ್ನೊಂದರ ಬಾಲ ಅತ್ತ, ಇವತ್ತಿನ ಬೂತಾಯಿ ಎಷ್ಟು ಕೊಬ್ಬಿವೆ, ಬೆಳಿಗ್ಗೆ ಬಂದರಿಗೆ ಬಂದವೇ ಇರಬೇಕು, ನಮ್ಮ ಸಫಿ ಊರಿನ ಬೂತಾಯಿ ಅಂದರೆ ಸುಮ್ಮನೆಯೇ, ಆದರೆ ಈ ತುರಿಕೆ, ಯಾ ಅಲ್ಲಾಹ್, ಇನ್ನೂ ಐದು ವಾರ ಚಿಲ್ಲರೆ ದಿನ ಇದನ್ನು ಹೇಗೆ ತಡೆಯುವುದು, ಎದುರು ಗೋಡೆಯ ಹಲಗೆ ಬೇರೆ ನನ್ನನ್ನೇ ದಿಟ್ಟಿಸುತ್ತಿದೆ, ಉಂಗುರ ಬಳೆ ಓಲೆ ಕಾಡಿಗೆ ನಿಷಿದ್ಧ, ತಪ್ಪಿದರೆ ಕೆಲಸ ಇಲ್ಲ, ಹೋದ ವರ್ಷ ಒಬ್ಬಳು ಬೆರಳಿಗೆ ಬಿಗಿದು ಕೂತ ಉಂಗುರ ತೆಗೆಯಲಾರೆ ಎಂದಳು, ಮಾರನೆಯ ದಿನ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು. ಉಳಿದವರಿಗೇನು, ಅವರ ಕಿವಿ ಚುಚ್ಚಿದ್ದು ತೊಟ್ಟಿಲಲ್ಲಿ, ಕಾರ್ಖಾನೆಯ ಬಾಗಿಲಲ್ಲೇ ಓಲೆ ಕಳಚಿ ಜೇಬಿಗೆ ಹಾಕುತ್ತಾರೆ, ಸಂಜೆ ಮತ್ತೆ ಹಾಕಿಕೊಳ್ಳುತ್ತಾರೆ, ನನ್ನದು ಹೋದ ಶುಕ್ರವಾರ ಚುಚ್ಚಿದ ಹಸಿ ಗಾಯ, ನಲವತ್ತೆಂಟರ ವಯಸ್ಸಿನಲ್ಲಿ, ತೆಗೆದರೆ ಮುಚ್ಚಿಕೊಳ್ಳುತ್ತದೆ. ಅಕ್ಕಸಾಲಿಗ ಹೇಳಿದ್ದ, ಆರು ವಾರ ತೆಗೀಬೇಡಿ ತಾಯಿ. ಒಳಗೆ ಕಾಲಿಟ್ಟಾಗ ಕೇಳಿದ್ದೂ ಅವನೇ, ಯಾರಿಗಮ್ಮಾ, ಮೊಮ್ಮಗಳಿಗಾ? ನನಗೆ ಕಣಪ್ಪಾ, ನನಗೇ! ಅವನು ನನ್ನ ಮುಖ ನೋಡಿದ, ಕಿವಿ ನೋಡಿದ, ಎರಡೂ ಖಾಲಿ, ಚುಚ್ಚುವ ಸಾಧನ ಎತ್ತಿಕೊಂಡ, ಟಕ್, ಇನ್ನೊಂದು ಟಕ್, ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಹೊರಗೆ ಬಂದವಳು ಕುಂಬಾರರ ಗುಡ್ಡದವರೆಗೂ ಕಾರಣವಿಲ್ಲದೆ ನಡೆದೆ, ಗಾಜು ಕಂಡಲ್ಲೆಲ್ಲ ನಿಂತೆ.

ಎಲ್ಲಕ್ಕೂ ಅಪ್ಪನೇ ಕಾರಣ, ದೇವರು ಅವರನ್ನು ತಣ್ಣಗಿಟ್ಟಿರಲಿ, ಬಲೆ ಹೊಲಿಯುವ ಆ ದೊಡ್ಡ ಕೈಯವರು, ನನಗೆ ನಲವತ್ತು ದಿನವಾದಾಗ ಸೂಜಿಯವಳು ಬಂದಳಂತೆ, ಅಮ್ಮ ಎಣ್ಣೆ ದಾರ ಎಲ್ಲ ಸಿದ್ಧ ಮಾಡಿದ್ದಳಂತೆ, ಸೂಜಿ ತಾಗುವ ಮೊದಲೇ ನಾನು ಕಿರುಚಿದೆನಂತೆ, ಅಷ್ಟೇ, ಅಪ್ಪ ನನ್ನನ್ನು ಕಿತ್ತುಕೊಂಡು ಬಂದರಿಗೆ ಓಡಿ ದೋಣಿಯೊಳಗೆ ಕೂತುಬಿಟ್ಟರಂತೆ, ದಡದಲ್ಲಿ ಅಮ್ಮ ಬೈಯುತ್ತ ನಿಂತಿದ್ದಾಳೆ, ಇವರು ಅಲ್ಲಿಂದಲೇ ಕೂಗುತ್ತಿದ್ದಾರೆ, ದೊಡ್ಡವಳಾದ ಮೇಲೆ ಅವಳೇ ಕೇಳ್ಲಿ, ಆಗ ಚುಚ್ಚಿಸ್ತೀನಿ! ನಾನು ಕೇಳಲಿಲ್ಲ, ಶಾಲೆಯಲ್ಲಿ ಹುಡುಗಿಯರು ಏ ಹುಡುಗಾ ಎಂದು ಕರೆದಾಗಲೂ ಹಟಕ್ಕೆ ಕೇಳಲಿಲ್ಲ, ಮದುವೆಗೆ ಅಮುಕಿ ಕೂರಿಸುವ ಓಲೆ ಹಾಕಿದರು, ಒಂದು ಯಾವಾಗ ಬಿತ್ತೋ ತಿಳಿಯಲಿಲ್ಲ, ಮದುವೆಯೂಟದಲ್ಲಿ ಕುಸ್‌ಕುಸ್ ತಿನ್ನುತ್ತಿದ್ದ ಅತ್ತೆಯ ಹಲ್ಲಿನಡಿ ಸಿಕ್ಕಿತು, ಅತ್ತೆ ಆ ಮುರಿದ ಹಲ್ಲನ್ನು ಇಪ್ಪತ್ತೈದು ವರ್ಷ ಬಂದ ನೆಂಟರಿಗೆಲ್ಲ ಬಾಯಿ ತೆರೆದು ತೋರಿಸಿದರು, ಇದು ನನ್ನ ಸೊಸೆ ತಂದ ಉಡುಗೊರೆ. ಅಪ್ಪ ಹೋಗಿ ಹನ್ನೊಂದು ವರ್ಷವಾದ ಮೇಲೆ ನನಗೆ ಕೇಳಬೇಕೆನಿಸಿದ್ದು ಯಾಕೋ, ಕೇಳಲು ಅವರಿಲ್ಲ, ಅದಕ್ಕೆ ನಾನೇ ಹೋದೆ. ಮನೆಯಲ್ಲಿ ನನ್ನ ಗಂಡ ಲಾರ್ಬಿಗೆ ಮೂರು ದಿನ ಗೊತ್ತೇ ಆಗಲಿಲ್ಲ, ನಾಲ್ಕನೆಯ ದಿನ ಚಹಾ ಕುಡಿಯುತ್ತ ಹೇಳುತ್ತಾನೆ, ಏಯ್, ಕಿವೀಲಿ ಏನೋ ಹೊಳೀತಿದೆ, ಮೀನಿನ ಹುರುಪೆ ಅಂಟ್ಕೊಂಡಿದೆ ನೋಡು, ತೊಳ್ಕೋ ಹೋಗು. ಈಗ ನೆನೆದರೂ ನಗು, ನಗಬೇಡ, ರಖಿಯಾ ನೋಡುತ್ತಾಳೆ. ಸೋಮವಾರ ಬಾಗಿಲಲ್ಲಿ ಎಲ್ಲರ ಕೈ ಕುತ್ತಿಗೆ ನೋಡುತ್ತ ಬಂದಳು, ತಲೆವಸ್ತ್ರದ ಮೇಲಿಂದ ಕಿವಿಯನ್ನೂ ಎರಡು ಬೆರಳಲ್ಲಿ ಒತ್ತಿ ನೋಡುವವಳು, ಮೀನು ಹಳತೋ ಹೊಸತೋ ಎಂದು ಒತ್ತುವ ಹಾಗೆ, ನಾನು ಒಳಗೆ ದಪ್ಪಗೆ ಹತ್ತಿ ತುರುಕಿದ್ದೆ, ಒತ್ತಿದ್ದೇ ತಡ ಅಯ್ಯಯ್ಯೋ ಎಂದು ಕೂಗಿದೆ, ಅದು ಮಾತ್ರ ಸುಳ್ಳಲ್ಲ. ಏನೇ ಇದು? ಗಾಳಿ ಹೊಕ್ಕಿದೆ ಲಲ್ಲಾ. ಎರಡೂ ಕಿವಿಗಾ? ಸಮುದ್ರದ ಗಾಳಿ ಅಲ್ವಾ ಲಲ್ಲಾ, ಈ ಕಿವೀಲಿ ಬಂದು ಆ ಕಿವೀಲಿ ಹೋಯ್ತು. ಹಿಂದಿನ ಸಾಲೆಲ್ಲ ಗೊಳ್ಳೆಂದಿತು, ಅವಳು ನಗಲಿಲ್ಲ, ಆದರೆ ಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ಮದ್ದಿನ ಮೆರವಣಿಗೆ, ಪಕ್ಕದಲ್ಲಿ ನಿಲ್ಲುವ ಫಾದ್ಮಾ ಬೆಳ್ಳುಳ್ಳಿ ಕಾಯಿಸಿದ ಆಲಿವ್ ಎಣ್ಣೆ ತಂದಳು, ತಗೋಳೇ, ಮೂರು ತೊಟ್ಟು ಬಿಟ್ಕೊ, ನಮ್ಮಜ್ಜಿ ಇದ್ರಿಂದಲೇ ತೊಂಬತ್ತು ವರ್ಷ ಪಕ್ಕದ ಮನೆ ಜಗಳ ಕೇಳಿಸ್ಕೊಂಡ್ಳು, ನಮ್ಮ ಸಾಲಿನ ಚಿಕ್ಕ ಹುಡುಗಿ ಗಿಜ್ಲಾನ್ ಜೀರಿಗೆ ಗಂಟು ಕಟ್ಟಿಕೊಂಡು ಬಂದಳು, ಬಿಸಿ ಮಾಡಿ ಒತ್ಕೊಳ್ಳಿ ಚಿಕ್ಕಮ್ಮ, ಇವರ ಪ್ರೀತಿಯೇ ಈಗ ಓಲೆಗಿಂತ ಹೆಚ್ಚು ಚುಚ್ಚುತ್ತಿದೆ.

ಅಬ್ಬ, ತಡೆಯಲಾರೆ, ಭುಜಕ್ಕೆ ಉಜ್ಜಿಬಿಡುತ್ತೇನೆ, ಒಂದೇ ಸಲ, ಹಾಂ, ಸ್ವರ್ಗ — ಏನದು, ಸಡಿಲವಾಯಿತಲ್ಲ, ಎಡಗಿವಿ ಹಗುರ, ಮಣಿಕಟ್ಟಿನಿಂದ ಒತ್ತುತ್ತೇನೆ, ಓಲೆ ಮುಂದಕ್ಕೆ ಜಾರುತ್ತಿದೆ, ಹಿಂದಿನ ತಿರುಪು ಇಲ್ಲ, ಇಲ್ಲ, ಕೊರಳಪಟ್ಟಿಯಲ್ಲೂ ಇಲ್ಲ, ಏಪ್ರನ್ನಿನ ಮೇಲೂ ಇಲ್ಲ, ಈಗ ಬಿತ್ತೋ ಆಗಲೇ ಬಿತ್ತೋ, ಎಷ್ಟು ಡಬ್ಬ ಮುಂದೆ ಹೋದವು, ಹತ್ತು, ಹದಿನೈದು, ಆ ತುದಿಯಲ್ಲಿ ಎಣ್ಣೆ ಸುರಿಯುತ್ತಾರೆ, ಅದರಾಚೆ ಮುಚ್ಚಳ, ಮುಚ್ಚಳ ಬಿದ್ದರೆ ಮುಗಿಯಿತು. ಸುಮ್ಮನಿರು ಮಹಜೂಬಾ, ಯಾರಿಗೂ ಗೊತ್ತಾಗುವುದಿಲ್ಲ, ಜೋಳದ ಕಾಳಿನಷ್ಟು ಚೂರು, ಯಾವ ಊರಿನಲ್ಲಿ ಯಾರು ತೆರೆಯುತ್ತಾರೋ, ಅಡುಗೆಮನೆಯಲ್ಲಿ ನಿಂತು ಬ್ರೆಡ್ಡಿನ ಮೇಲೆ ಹರಡಿ ಮಗುವಿನ ಬಾಯಿಗಿಡುತ್ತಾರೋ, ಅತ್ತೆಯ ಹಲ್ಲು, ಬಾಯಿ ತೆರೆದ ಅತ್ತೆ, ಇನ್ನೊಂದು ಡಬ್ಬ ಹೋಯಿತು, ಇನ್ನೊಂದು — ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿ, ಇಲ್ಲೇ ಫಾದ್ಮಾಳ ಬೆನ್ನ ಹಿಂದೆ, ಸರಿ ಆಚೆ, ಒತ್ತಿದೆ, ಒತ್ತಿಯೇಬಿಟ್ಟೆ. ಡಬ್ಬ ಸಾಗಿಸುವ ಪಟ್ಟಿ ನಿಂತಿತು. ಇಷ್ಟು ವರ್ಷ ಕೇಳದ ಸಮುದ್ರಹಕ್ಕಿಗಳ ಕೂಗು ಮಾಡಿನ ಮೇಲಿಂದ ಕೇಳುತ್ತಿದೆ, ಬಿಳಿ ಬೂಟು ಟಪ ಟಪ ಬರುತ್ತಿದೆ, ಯಾರು ನಿಲ್ಸಿದ್ದು? ನಾನು ಲಲ್ಲಾ, ನನ್ನ ಓಲೆ ತಿರುಪು ಬಿದ್ದೋಗಿದೆ. ಯಾವ ಓಲೆ, ನಿನ್ನ ಕಿವೀಲಿ ತೂತೇ ಇಲ್ವಲ್ಲೇ! ಶುಕ್ರವಾರದಿಂದ ಇದೆ ಲಲ್ಲಾ. ಅಯ್ಯೋ ಪಾಪಿ, ಫಾದ್ಮಾ ಎದೆ ಬಡಿದುಕೊಂಡಳು, ನನ್ನೆಣ್ಣೇನೆಲ್ಲಾ ಏನ್ ಮಾಡ್ದೆ? ಬದನೆಕಾಯಿ ಹುರಿದೆ ಕಣೇ ಎಂದು ನಿಜ ಹೇಳಿದೆ, ಹೇಗೂ ಎಲ್ಲ ಮುಗಿದಿತ್ತು. ಡಬ್ಬಗಳನ್ನೆಲ್ಲ ಸುರಿದರು, ನಲವತ್ತು ಹೆಂಗಸರು ಬೂತಾಯಿ ಮಗುಚಿ ಮಗುಚಿ ಹುಡುಕಿದರು, ಸಿಗಲಿಲ್ಲ, ರಖಿಯಾ ನನ್ನ ತಲೆವಸ್ತ್ರ ಬಿಚ್ಚಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದಳು, ಅಲ್ಲಿತ್ತು ತಿರುಪು, ಹತ್ತಿಯಲ್ಲಿ ಸಿಕ್ಕಿಕೊಂಡು ಬೆಚ್ಚಗೆ ಕೂತಿತ್ತು.

ಈ ವಯಸ್ಸಲ್ಲಿ ಯಾಕೇ ಇದು, ಎಂದಳು, ಹೇಳಿದೆ, ಸೂಜಿಯವಳು, ದೋಣಿ, ಅಪ್ಪ ಕೂಗಿದ್ದು ಎಲ್ಲ ಹೇಳಿದೆ, ಹೆಂಗಸರು ಕೈಯಲ್ಲಿ ಮೀನು ಹಿಡಿದುಕೊಂಡೇ ಕೇಳಿದರು. ನಿಮ್ಮಪ್ಪನ್ನ ನಾಳೆ ಕರ್ಕೊಂಡು ಬಾ, ಮೊದಲು ಅವರ ಕಿವಿ ಹಿಂಡ್ತೀನಿ. ಅವರು ತೀರ್ಕೊಂಡು ಹನ್ನೊಂದು ವರ್ಷ ಆಯ್ತು ಲಲ್ಲಾ. ಅವಳು ನನ್ನ ಕಿವಿಯನ್ನೇ ನೋಡುತ್ತ ನಿಂತಳು, ದೇವರು ಅವರಿಗೆ ಒಳ್ಳೇದು ಮಾಡ್ಲಿ, ಎಂದಳು ಮೆಲ್ಲಗೆ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಓಲೆ ಹಾಕಿದ್ರೆ ಏನ್ ಮಾಡ್ಬೇಕು ಅಂತ ಹಲಗೇಲಿ ಬರ್ದಿದೆ, ತಾನಾಗೇ ಗುಂಡಿ ಒತ್ತಿದವಳನ್ನ ಏನ್ ಮಾಡ್ಬೇಕು ಅಂತ ಬರ್ದಿಲ್ಲ, ಆರು ವಾರ ಚೀಟಿ ಅಂಟ್ಸೋ ಕಡೆ ಹೋಗು, ಅಲ್ಲಿ ಡಬ್ಬ ಮುಚ್ಚಿರುತ್ತೆ, ನಿನ್ನ ಓಲೆ ಅದರೊಳಗೆ ಹಾರಲ್ಲ, ಆರು ವಾರ ಆದ ಮರುದಿನ ಬರಿ ಕಿವೀಲಿ ನನ್ನ ಮುಂದೆ ನಿಂತಿರ್ಬೇಕು, ತಿಳೀತಾ? ತಿಳೀತು ಲಲ್ಲಾ. ಕೈ ತೊಳೆದು ಬಂದು ಅವಳೇ ತಿರುಪು ಕೂರಿಸಿದಳು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಆಗ ಕಂಡೆ, ಹೌದು, ನಾನು ಕಂಡೆ, ಅವಳ ಬಾಯಿಯ ಒಂದು ಮೂಲೆ ನಕ್ಕಿತು, ಫಾದ್ಮಾಳಿಗೆ ಹೇಳಿದರೆ ನಂಬುವುದಿಲ್ಲ. ಚೀಟಿ ಅಂಟಿಸುವ ಕಡೆ ಎಷ್ಟು ಬೆಳಕು, ದೊಡ್ಡ ಕಿಟಕಿ, ಕೈ ಒಣಗಿದೆ, ತಲೆವಸ್ತ್ರ ಕಿವಿಯ ಹಿಂದಕ್ಕೆ ಸರಿಸಿದ್ದೇನೆ, ಮೊದಲ ಡಬ್ಬ ಬರುತ್ತಿದೆ, ಚೀಟಿ ಅಂಟಿಸಲು ಬಗ್ಗುತ್ತೇನೆ, ಮುಚ್ಚಳ ತೊಳೆದ ಕನ್ನಡಿಯ ಹಾಗಿದೆ, ಅದರಲ್ಲೊಂದು ದುಂಡು ಮುಖ, ಆಚೆಗೊಂದು ಈಚೆಗೊಂದು ಹಳದಿ ಚುಕ್ಕೆ, ಡಬ್ಬ ಹೋಯಿತು, ಇನ್ನೊಂದು ಬಂತು, ಮುಖ, ಎರಡು ಚುಕ್ಕೆ, ಚೀಟಿ ಅಂಟಿಸು ಮಹಜೂಬಾ, ಅಂಟಿಸುತ್ತೇನೆ, ಇನ್ನೊಂದು, ಎರಡು ಚುಕ್ಕೆ, ಇನ್ನೊಂದು, ಎರಡು ಚುಕ್ಕೆ, ಎರಡು ಚುಕ್ಕೆ